ಅಗಿಯದೆ ನುಂಗುವ ಊಟ

ಜೇಮ್ಸ್ ಮಾಸ್ತರರು ಬಾಯಿ ಬಿಗಿದುಕೊಂಡು ಕೂತಿದ್ದರು. ಎದುರಿಗೆ ಮಗಳು ಡೀನಾ ಗಂಜಿಯ ಚಮಚ ಹಿಡಿದುಕೊಂಡು ಕೂತಿದ್ದಳು. ಪಕ್ಕದ ಲ್ಯಾಪ್‌ಟಾಪಿನಲ್ಲಿ ಅವಳ ಆಫೀಸಿನ ಮೀಟಿಂಗ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಕ್ಲಾಂಗ್ ಬಂದರಿನಲ್ಲಿ ಸಿಕ್ಕಿಕೊಂಡ ಕಂಟೇನರುಗಳ ಬಗ್ಗೆ ಯಾರೋ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಡೀನಾ ಮೈಕು, ಕ್ಯಾಮೆರಾ ಎರಡನ್ನೂ ಬಂದ್ ಮಾಡಿ, ಎಂಬತ್ತು ದಾಟಿದ ಅಪ್ಪನ ಬಾಯಿ ತೆರೆಸುವ ಕೆಲಸಕ್ಕೆ ನಿಂತಿದ್ದಳು. ಕಂಟೇನರು ಬಿಡಿಸುವುದೇ ಸುಲಭವಿತ್ತು.

"ಒಂದೇ ಚಮಚ, ಪಪ್ಪಾ. ಉಪ್ಪಿನಕಾಯಿ ರಸ ಹಾಕಿದ್ದೀನಿ."

"ಎಂತ ಹಾಕಿದ್ರೂ ಒಂದೇ. ಒದ್ದೆ ರಟ್ಟು ತಿಂದ ಹಾಗೆ ಉಂಟು."

"ರಟ್ಟು ಅಂದ್ಕೊಂಡೇ ನುಂಗಿ."

"ನೀನೇ ನುಂಗು."

ಅವಳು ಚಮಚವನ್ನು ಬಟ್ಟಲಿಗೆ ಹಾಕಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ. ಎರಡು ಸಾವಿರದ ಇಪ್ಪತ್ತೊಂದರ ಆ ಜುಲೈ ತಿಂಗಳಲ್ಲಿ ಕ್ವಾಲಾಲಂಪುರದಲ್ಲಿ ಯಾರ ಮೈಯಲ್ಲೂ ಅದು ಉಳಿದಿರಲಿಲ್ಲ. ಮಾಂಟ್ ಕಿಯಾರಾದ ಎತ್ತರದ ಕಾಂಡೊಗಳಲ್ಲಿ ಜನ ತಮ್ಮ ತಮ್ಮ ಬಾಲ್ಕನಿಗಳಲ್ಲಿ ನಿಂತು, ಖಾಲಿ ರಸ್ತೆಯನ್ನು ನೋಡಿ, ಒಳಗೆ ಹೋಗುತ್ತಿದ್ದರು. ಡೀನಾಳ ಗಂಡ ಗ್ಯಾವಿನ್ ಕೆಲಸದ ಮೇಲೆ ಪೆನಾಂಗಿಗೆ ಹೋದವನು, ಲಾಕ್‌ಡೌನಿನಲ್ಲಿ ರಾಜ್ಯದ ಗಡಿ ದಾಟಲು ಅನುಮತಿ ಸಿಗದೆ ಅಲ್ಲಿಯೇ ಉಳಿದಿದ್ದ. ದಿನಾ ಫೋನ್ ಮಾಡಿ "ಧೈರ್ಯವಾಗಿರು" ಅನ್ನುತ್ತಿದ್ದ. ಹೇಳುವುದಕ್ಕೇನು, ಸುಲಭ.

ಮಾಸ್ತರರು ಹಿಂದಿನ ವರ್ಷ ಈಸ್ಟರ್ ಹಬ್ಬದವರೆಗೆ ಇದ್ದು ಹೋಗುತ್ತೇನೆಂದು ಬಂದವರು. ವಿಮಾನಗಳು ನಿಂತವು, ಅವರೂ ನಿಂತರು. ಈ ವರ್ಷ ಮೇ ತಿಂಗಳಲ್ಲಿ ಆ ಹಾಳು ಕೊರೊನಾ ಇಬ್ಬರಿಗೂ ಬಂತು. ಡೀನಾಳಿಗೆ ನೆಗಡಿಯಂತೆ ಬಂದು ಹೋಯಿತು. ಅಪ್ಪನನ್ನು ಬದುಕಲು ಬಿಟ್ಟಿತು ನಿಜ, ಆದರೆ ಹೋಗುವಾಗ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಎತ್ತಿಕೊಂಡು ಹೋಯಿತು. ಅಂದಿನಿಂದ ಊಟ ಕಡಿಮೆಯಾಗುತ್ತಾ ಬಂದು, ಈಗ ದಿನಕ್ಕೆ ಎರಡು ಲೋಟ ಚಹಾ, ಅದರಲ್ಲಿ ಅದ್ದಿದ ಬಿಸ್ಕತ್ತಿಗೆ ಬಂದು ನಿಂತಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಹಲ್ಲಿನ ಸೆಟ್ಟು ಸಡಿಲವಾಗಿ ಮಾತಾಡುವಾಗ ಕಟಕಟ ಅನ್ನುತ್ತಿತ್ತು.

ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ ಹೇಳಿದ್ದರು, ಈ ವಾರದೊಳಗೆ ಊಟ ಶುರುವಾಗದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು. ಜೊತೆಗೆ ಯಾರೂ ಇರುವಂತಿಲ್ಲ, ನೋಡಲು ಬರುವಂತೆಯೂ ಇಲ್ಲ. ಹಾಗೆ ಒಬ್ಬರೇ ಒಳಗೆ ಹೋದವರು ಹೇಗೆ ಹೊರಗೆ ಬರುತ್ತಿದ್ದಾರೆ ಎಂಬುದು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಕಳಿಸಬಾರದು ಎಂದು ಡೀನಾ ಗಟ್ಟಿ ಮಾಡಿಕೊಂಡಳು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ಕಳಿಸಿಬಿಡಲೇ? ನನ್ನನ್ನೂ ಒಬ್ಬಳೇ ಬಿಟ್ಟು ಹೋಗಿರಲಿಲ್ಲವೇ ಇವರು? ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಾಸ್ತರರು ಗೋಡೆಯ ಕಡೆ ನೋಡುತ್ತಾ, ತನಗೆ ತಾನೇ ಎಂಬಂತೆ ಹೇಳಿದರು. "ಒನುಗ್ಬು ಇದ್ದಿದ್ರೆ ಎರಡು ತುತ್ತು ತಿಂತಿದ್ದೆನೋ ಏನೋ."

"ಅದೇನು ಪಪ್ಪಾ?"

"ನೈಜೀರಿಯದ್ದು. ಕಹಿ ಸೊಪ್ಪಿನ ಸಾರು."

ಡೀನಾ ಎದ್ದು ಗಂಜಿಯ ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಅದನ್ನು ಸಿಂಕಿಗೆ ಸುರಿದು ನಲ್ಲಿಯನ್ನು ಸುಮ್ಮನೆ ಹರಿಯಲು ಬಿಟ್ಟಳು. ಇಡೀ ಪ್ರಪಂಚದ ಊಟ ಬಿಟ್ಟು ಅವರಿಗೆ ಬೇಕಾದದ್ದು ಆ ದೇಶದ ಊಟ!

ಆ ದೇಶದ ಹೆಸರು ಕೇಳಿದರೆ ಅವಳಿಗೆ ಆಗುತ್ತಿರಲಿಲ್ಲ. ಅವಳಿಗೆ ಆರು ವರ್ಷವಿದ್ದಾಗ ಜೇಮ್ಸ್ ಮಾಸ್ತರರಿಗೆ ನೈಜೀರಿಯದ ಪೂರ್ವದಲ್ಲಿ, ಎನುಗು ಪಟ್ಟಣದ ಆಚೆಯ ಒಂದು ಊರಿನ ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುವ ಕೆಲಸ ಸಿಕ್ಕಿತು. ಆಗ ಎಷ್ಟೋ ಮೇಷ್ಟರುಗಳು ಹಾಗೆ ಆಫ್ರಿಕಾಕ್ಕೆ ಹೋದರು. ಗಂಡನ ಜೊತೆ ಡೀನಾಳ ತಾಯಿ ಸರೋಜಿನಿಯೂ ಹೋದಳು. ಒಬ್ಬಳೇ ಮಗಳನ್ನು ಮಂಗಳೂರಿನ ಸಿಸ್ಟರುಗಳ ಬೋರ್ಡಿಂಗಿನಲ್ಲಿ ಬಿಟ್ಟರು, ಓದು ಕೆಡಬಾರದೆಂದು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ನಡುವೆ ಫೋಟೋಗಳು ಬರುತ್ತಿದ್ದವು. ಫೋಟೋದಲ್ಲಿ ಪಪ್ಪಾ, ಮಮ್ಮಿ ಯಾರದೋ ಮನೆಯ ಅಂಗಳದಲ್ಲಿ ದೊಡ್ಡ ತಟ್ಟೆಯ ಸುತ್ತ ಕೂತು, ಕೈ ಬೆರಳು ನೆಕ್ಕುತ್ತಾ ನಗುತ್ತಿದ್ದರು. ಅವರ ನಗು ಅವಳಿಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಊರಿಗೆ ಬಂದಾಗ ಅವರು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಮಮ್ಮಿ ತೀರಿಕೊಂಡು ವರ್ಷಗಳಾದರೂ ಆ ಲೆಕ್ಕ ಅವಳ ಮನಸ್ಸಿನಲ್ಲಿ ಚುಕ್ತಾ ಆಗಿರಲಿಲ್ಲ.

ಆದರೂ ಹುಡುಕಿದಳು. ಬೇರೆ ದಾರಿಯಿರಲಿಲ್ಲ.

ಊರಿನಲ್ಲಿದ್ದ ಒಂದೆರಡು ನೈಜೀರಿಯದ ಹೋಟೆಲುಗಳ ನಂಬರಿಗೆ ಫೋನ್ ಮಾಡಿದರೆ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಒಬ್ಬ ಮಾತ್ರ ಎತ್ತಿ, "ಮೇಡಮ್, ನಾನೇ ಬಾಗಿಲು ಹಾಕಿ ಬೀದಿ ಬದಿಯ ಮಾಮಕ್ ಹೋಟೆಲಿನ ರೊಟ್ಟಿ ತಿಂತಿದ್ದೀನಿ" ಎಂದು ನಕ್ಕು ಇಟ್ಟುಬಿಟ್ಟ. ಕೊನೆಗೆ ಕಾಂಡೊದ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಎಲ್ಲರೂ ಆಕ್ಸಿಜನ್ ಮೀಟರು, ಮಾಸ್ಕು ಎನ್ನುತ್ತಿದ್ದ ಗುಂಪಿನಲ್ಲಿ ಇವಳು ಕಹಿ ಸೊಪ್ಪಿನ ಸಾರು ಕೇಳಿದ್ದು ಕೆಲವರಿಗೆ ತಮಾಷೆಯಾಗಿ ಕಂಡಿತು. ಆದರೆ ಯಾರೋ ಪುಣ್ಯಾತ್ಮರು ಒಂದು ನಂಬರು ಕಳಿಸಿದರು. ಅದು ಇಫೋಮಾ ಎಂಬ ಹುಡುಗಿಯದು. ಪುತ್ರಜಯಾದ ಪಕ್ಕದ ಸೈಬರ್‌ಜಯಾದಲ್ಲಿ ಎಂಬಿಎ ಓದಲು ಬಂದವಳು. ಕ್ಲಾಸು ಆನ್‌ಲೈನ್ ಆಗಿ, ಊರಿಗೂ ಹೋಗಲಾಗದೆ, ತನ್ನ ಫ್ಲ್ಯಾಟಿನಲ್ಲಿ ತನ್ನ ದೇಶದವರಿಗೆ ಅಡುಗೆ ಮಾಡಿ ಕಳಿಸುತ್ತಿದ್ದಳು.

ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದರು. "ಯಾರಿಗೆ ಆಂಟಿ?" ಎಂದು ಕೇಳಿದಳು ಇಫೋಮಾ.

"ನಮ್ಮ ತಂದೆಗೆ. ನಿಮ್ಮ ಕಡೆ ಮೇಷ್ಟ್ರಾಗಿದ್ರು. ಈಗ ಏನೂ ತಿಂತಿಲ್ಲ. ಒನುಗ್ಬು ಅಂತಿದ್ದಾರೆ."

ಇಫೋಮಾಳ ದನಿ ಏರಿತು. "ಒನುಗ್ಬು ಅಂದ್ರಾ? ಬರೀ ನೈಜೀರಿಯದ ಊಟ ಅನ್ನಲಿಲ್ವಾ? ಅದು ನಮ್ಮ ಇಬೊ ಜನರ ಮಾತು. ಹಾಗಾದ್ರೆ ಅವರು ನಮ್ಮೋರೇ."

"ಸೊಪ್ಪು ಸಿಗುತ್ತಾ ಇಲ್ಲಿ?"

"ಯಾಕೆ ಸಿಗಲ್ಲ? ನಮ್ಮ ಪಕ್ಕದ ಮಲಯ್ ಅಜ್ಜಿ ಬೇಲಿ ತುಂಬಾ ಬೆಳೆಸಿದ್ದಾರೆ. ಬಿಸ್ಮಿಲ್ಲಾ ಎಲೆ ಅಂತಾರೆ. ಅವರು ಶುಗರ್ ಕಾಯಿಲೆಗೆ ಕಷಾಯ ಮಾಡಿ ಮೂಗು ಹಿಡ್ಕೊಂಡು ಕುಡೀತಾರೆ. ನಾವು ಅದನ್ನೇ ಉಜ್ಜಿ ಉಜ್ಜಿ ತೊಳೆದು ಹಬ್ಬ ಮಾಡ್ತೀವಿ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಓಗಿರಿ ಮಾತ್ರ ಸ್ವಲ್ಪವೇ ಉಳಿದಿದೆ. ಊರಿಂದ ಅಮ್ಮ ಕಟ್ಟಿಕೊಟ್ಟಿದ್ದು. ಇರಲಿ, ಅಂಕಲ್‌ಗೆ ಹಾಕ್ತೀನಿ. ಓಗಿರಿ ಇಲ್ಲದೆ ಅದು ಒನುಗ್ಬು ಅಲ್ಲ."

ಮರುದಿನ ಮಧ್ಯಾಹ್ನ ಪಾರ್ಸೆಲ್ಲು ಬಂತು. ಕೆಳಗೆ ಕಾವಲುಗಾರನ ಮೇಜಿನ ಮೇಲಿಟ್ಟು ಹೋಗಿದ್ದರು. ಡೀನಾ ಲಿಫ್ಟಿನಲ್ಲಿ ತರುವಾಗಲೇ ವಾಸನೆ ಹಿಡಿಯಿತು. ಒಣಮೀನಿನ ವಾಸನೆ ಅವಳಿಗೆ ಹೊಸದಲ್ಲ, ಮಂಗಳೂರಿನ ಮೂಗು ಅದಕ್ಕೆ ಹೆದರುವುದಿಲ್ಲ. ಆದರೆ ಅದರ ಹಿಂದೆ ಇನ್ನೇನೋ ಇತ್ತು, ಕೊಳೆತದ್ದಕ್ಕೂ ಹದವಾದದ್ದಕ್ಕೂ ನಡುವಿನದು. ಓಗಿರಿ ಎಂದರೆ ಬೀಜಗಳನ್ನು ಬೇಯಿಸಿ, ಕಟ್ಟಿಟ್ಟು, ಹುಳಿ ಬರಿಸಿ ಅರೆದದ್ದೆಂದು ಇಫೋಮಾ ಹೇಳಿದ್ದಳು.

ಎರಡು ಡಬ್ಬ. ಒಂದರಲ್ಲಿ ಸಾರು. ಕೆಸುವಿನ ಗೆಡ್ಡೆ ಅರೆದು ಹಾಕಿ ಗಟ್ಟಿ ಮಾಡಿದ್ದು, ಮೇಲೆ ಕೆಂಪು ತಾಳೆ ಎಣ್ಣೆ, ಒಳಗೆ ಕಪ್ಪಗಿನ ಸೊಪ್ಪು, ಮೀನಿನ ತುಂಡುಗಳು. ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ಬಿಸಿಯಾರದ ಬಿಳಿ ಹಿಟ್ಟಿನ ಉಂಡೆ. ಡೀನಾ ಉಂಡೆಯನ್ನು ಒತ್ತಿ ನೋಡಿದಳು. ಇಷ್ಟು ಗಟ್ಟಿಯಾದದ್ದನ್ನು ಸಡಿಲ ಹಲ್ಲಿನ ಮುದುಕರು ಅಗಿಯುವುದು ಹೇಗೆ? ಅವಳು ಕೈ ತೊಳೆದುಕೊಂಡಳು. ಉಂಡೆಯನ್ನು ಚೂರು ಚೂರು ಮಾಡಿದಳು. ಮೇಲೆ ಅರ್ಧ ಸಾರು ಸುರಿದು, ಮೀನಿನ ಮುಳ್ಳು ಆರಿಸಿ, ಅನ್ನ-ಸಾರು ಕಲಸುವ ಹಾಗೆ ಐದು ಬೆರಳಿನಿಂದ ನುಣ್ಣಗೆ ಕಲಸಿದಳು. ಕಾಯಿಲೆಯವರಿಗೆ, ಮಕ್ಕಳಿಗೆ ಎಲ್ಲರೂ ಮಾಡುವುದೇ ಹಾಗೆ. ಆದರೆ ಅದು ಅನ್ನದ ಹಾಗೆ ಕಲಸಿಕೊಳ್ಳಲಿಲ್ಲ. ಬೆರಳಿಗೆ ಅಂಟಿಕೊಂಡು, ಗೋಡೆಗೆ ಪೋಸ್ಟರು ಅಂಟಿಸುವ ಗೋಂದಿನಂತಾಯಿತು. ಪರವಾಗಿಲ್ಲ, ಮೆತ್ತಗಿದೆಯಲ್ಲ ಎಂದು ಬಟ್ಟಲಿಗೆ ಹಾಕಿ, ಚಮಚ ಇಟ್ಟು, ಅಪ್ಪನ ಮುಂದೆ ತಂದಳು.

ಮಾಸ್ತರರು ಬಟ್ಟಲಿನೊಳಗೆ ನೋಡಿದರು. ಮುಖದ ಮೇಲೆ ಮೂಡಿದ್ದ ಸಣ್ಣ ಗೆಲುವು ಹಾಗೇ ಆರಿಹೋಯಿತು.

"ಇದೆಂತದು?"

"ನೀವು ಕೇಳಿದ್ದೇ. ಒನುಗ್ಬು."

"ನಾನು ಕೇಳಿದ್ದು ಇದಲ್ಲ." ಅವರು ಮುಖ ತಿರುಗಿಸಿಕೊಂಡರು. "ತೆಗೆದುಕೊಂಡು ಹೋಗು ಮಗಾ. ನೋಡಲಿಕ್ಕಾಗುವುದಿಲ್ಲ."

ಈಗ ಸಿಟ್ಟು ಬಂತು. ಇಷ್ಟು ದಿನ ಎಲ್ಲಿ ಅಡಗಿತ್ತೋ, ಒಟ್ಟಿಗೇ ಬಂತು.

"ಏನು ಬೇಕು ಪಪ್ಪಾ ನಿಮಗೆ? ಊರೆಲ್ಲಾ ತಡಕಾಡಿ ತರಿಸಿದ್ದೀನಿ. ಕೆಲಸ ಬಿಟ್ಟು ಕೂತು ಕಲಸಿದ್ದೀನಿ. ನಾಳೆ ಆಸ್ಪತ್ರೆಗೆ ಹಾಕ್ತಾರೆ, ಗೊತ್ತಾ? ಒಬ್ಬರನ್ನೇ ಹಾಕ್ತಾರೆ, ನಾನು ಬಾಗಿಲ ತನಕವೂ ಬರಂಗಿಲ್ಲ. ನಿಮಗೆ ಗೊತ್ತಿಲ್ಲ ಅದು ಹೇಗಿರುತ್ತೆ ಅಂತ. ನನಗೆ ಗೊತ್ತು. ಬೋರ್ಡಿಂಗ್‌ನಲ್ಲಿ ನನ್ನ ಬಿಟ್ಟು ಹೋದಾಗ ನಾನೂ ಊಟ ಬಿಟ್ಟಿದ್ದೆ. ನನಗ್ಯಾರೂ ಏನೂ ತರಿಸಿಕೊಡಲಿಲ್ಲ. ನೀವಲ್ಲಿ ಇದನ್ನೇ ತಿಂದ್ಕೊಂಡು ನಗ್ತಾ ಫೋಟೋ ತೆಗೆಸ್ಕೊಂಡ್ರಿ!"

ಮಾಸ್ತರರ ಹಲ್ಲಿನ ಸೆಟ್ಟು ಒಮ್ಮೆ ಕಟಕ್ ಅಂದಿತು, ಅಷ್ಟೇ.

ಡೀನಾ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಇಫೋಮಾಗೆ ವಿಡಿಯೋ ಕಾಲ್ ಮಾಡಿದಳು. ಜಗಳಕ್ಕೆಂದೇ ಮಾಡಿದಳು ಎಂದರೂ ತಪ್ಪಿಲ್ಲ. "ತಿಂತಿಲ್ಲ. ಇದಲ್ಲ ಅಂತಿದ್ದಾರೆ. ಏನು ಕಳಿಸಿದ್ದೀಯಾ ನೀನು?"

"ಎಲ್ಲಿ, ತೋರಿಸಿ ಆಂಟಿ."

ಡೀನಾ ಬಟ್ಟಲನ್ನು ಫೋನಿನ ಮುಂದೆ ಹಿಡಿದಳು. ಇಫೋಮಾಳ ಕಣ್ಣು ಅಗಲವಾಯಿತು. ತಲೆಗೆ ಕಟ್ಟಿದ್ದ ಬಟ್ಟೆಯನ್ನೊಮ್ಮೆ ಸರಿಮಾಡಿಕೊಂಡು, ನಗು ತಡೆಯಲು ನೋಡಿ, ಸೋತಳು. "ಅಯ್ಯೋ ದೇವರೇ! ಕಲಸಿಬಿಟ್ರಾ? ಆಂಟಿ, ಅದನ್ನ ಯಾರಾದ್ರೂ ಕಲಸ್ತಾರಾ?"

"ಮತ್ತೆ ಅವರು ಅಗಿಯೋದು ಹೇಗೆ?"

"ಅಗಿಯೋದೇ ಇಲ್ಲ! ಸಣ್ಣ ತುತ್ತು ಮುರೀಬೇಕು, ಕೈಯಲ್ಲೇ ಉರುಟು ಮಾಡಿ, ಹೆಬ್ಬೆರಳಲ್ಲಿ ಗುಳಿ ಮಾಡಿ, ಸಾರಲ್ಲಿ ಅದ್ದಿ ನುಂಗಬೇಕು. ಅಗಿದ್ರೆ ನಮ್ಮಜ್ಜಿ ಕೈ ಮೇಲೆ ಹೊಡೀತಿದ್ರು."

ಡೀನಾ ನಿಂತಲ್ಲೇ ನಿಂತಳು. ಅಗಿಯದೆ ನುಂಗುವ ಉಂಡೆ! ಮಮ್ಮಿ ಮೈಸೂರು ಸೀಮೆಯ ಹೆಣ್ಣು, ಅದಕ್ಕೇ ಅವರ ಮನೆಯಲ್ಲಿ ಕೊಂಕಣಿಯ ಬದಲು ಕನ್ನಡವೇ ನಡೆದದ್ದು. ರಜೆಗೆ ಬಂದಾಗಲೆಲ್ಲ ಮಮ್ಮಿ ತನಗೊಂದು ರಾಗಿಮುದ್ದೆ ಮಾಡಿಕೊಂಡು, ಸೊಪ್ಪಿನ ಸಾರಿನಲ್ಲಿ ಅದ್ದಿ ಗುಳುಕ್ ಗುಳುಕ್ ನುಂಗುತ್ತಿದ್ದಳು. ಬೋರ್ಡಿಂಗಿನ ಕುಚ್ಚಲಕ್ಕಿ ಅನ್ನ ಉಂಡು ಬೆಳೆದ ಮಗಳು ಅದನ್ನು ನೋಡಿ ಮೂಗು ಮುರಿಯುತ್ತಿದ್ದಳು. ಮುದ್ದೆಯ ಸೀಮೆಯವರು ಯಾರೇ ಆಗಿದ್ದರೂ ಆ ಬಿಳಿ ಉಂಡೆಯನ್ನು ಕಂಡ ಕೂಡಲೇ ತಿಳಿದುಕೊಳ್ಳುತ್ತಿದ್ದರು. ಇವಳಿಗೆ ಹೊಳೆಯಲಿಲ್ಲ. ತಾಯಿಯ ಅಡುಗೆಮನೆಯಲ್ಲಿ ನಿಂತು ಬೆಳೆಯದ ಹೆಣ್ಣಿಗೆ ಹೊಳೆಯುವುದಾದರೂ ಹೇಗೆ?

"ಇನ್ನೊಂದು ಉಂಡೆ ಇಲ್ವಲ್ಲಾ ಇಫೋಮಾ," ಎಂದಳು. ದನಿಯಲ್ಲಿ ಜಗಳ ಇರಲಿಲ್ಲ.

"ಸಾರು ಉಳಿದಿದ್ಯಾ? ಸಾಕು. ಮನೇಲಿ ಯಾವ ಹಿಟ್ಟಿದೆ?"

"ರಾಗಿ. ಪಪ್ಪಂಗೆ ಗಂಜಿ ಮಾಡೋಕೆ ತಂದಿದ್ದು."

"ಅದೇನೋ ನನಗೆ ಗೊತ್ತಿಲ್ಲ. ಹಿಟ್ಟಾದ್ರೆ ಆಯ್ತು. ನೀರು ಕುದಿಯೋಕಿಡಿ."

ಹೀಗೆ, ಸೈಬರ್‌ಜಯಾದ ಇಬೊ ಹುಡುಗಿಯೊಬ್ಬಳು ಫೋನಿನಲ್ಲಿ ನೋಡಿಕೊಂಡು ಕನ್ನಡದ ಹೆಂಗಸಿಗೆ ರಾಗಿಮುದ್ದೆ ಮಾಡುವುದನ್ನು ಕಲಿಸಿದಳು. ಹಿಟ್ಟು ಸುರಿಯಿರಿ, ಈಗಲೇ ತಿರುವಬೇಡಿ, ಹಾಂ, ಈಗ ಕೋಲು ಹಾಕಿ, ಜೋರಾಗಿ, ಇನ್ನೂ ಜೋರಾಗಿ ಆಂಟಿ, ನಿಮ್ಮ ಬಾಸ್‌ನ ನೆನೆಸ್ಕೊಂಡು ತಿರುವಿ! ಡೀನಾ ಪಾತ್ರೆಯನ್ನು ಬಟ್ಟೆಯಿಂದ ಹಿಡಿದು, ಮರದ ಸೌಟಿನ ಹಿಡಿಯನ್ನೇ ಕೋಲು ಮಾಡಿಕೊಂಡು ತಿರುವಿದಳು. ತೋಳು ಬಿದ್ದುಹೋಗುವಂತಾಯಿತು. ಬೆವರು ಕಣ್ಣಿಗಿಳಿಯಿತು. ಗಂಟಿಲ್ಲದೆ ಬಂದಿತೆಂದರೆ ಸುಳ್ಳಾಗುತ್ತದೆ. ಅಂತೂ ಒದ್ದೆ ಕೈಯಲ್ಲಿ ಉರುಟು ಮಾಡಿ ತಟ್ಟೆಗಿಟ್ಟಾಗ ಅದು ಮುದ್ದೆಯ ಹಾಗೆಯೇ ಕಂಡಿತು. ಪಕ್ಕದಲ್ಲಿ ಉಳಿದ ಸಾರನ್ನು ಬಿಸಿ ಮಾಡಿ ಹಾಕಿದಳು.

"ಅಂಕಲ್ ತಿಂದ್ರಾ ಅಂತ ಹೇಳಿ," ಎಂದು ಇಫೋಮಾ ಫೋನಿಟ್ಟಳು. ಅವಳಿಗೆ ಆನ್‌ಲೈನ್ ಕ್ಲಾಸಿತ್ತು.

ಮಾಸ್ತರರು ಕೂತಲ್ಲೇ ಕೂತಿದ್ದರು. ಡೀನಾ ತಟ್ಟೆ ಇಟ್ಟು, ಕೈ ತೊಳೆಯಲು ಬಟ್ಟಲಿನಲ್ಲಿ ನೀರು ಕೊಟ್ಟಳು. ಅವರು ಕಂದು ಬಣ್ಣದ ಮುದ್ದೆಯನ್ನು ನೋಡಿದರು, ಸಾರನ್ನು ನೋಡಿದರು.

"ಸರೋಜಾ ಅಲ್ಲಿ ರಾಗಿ ಸಿಗದೆ ಅತ್ತಿದ್ದಳು," ಎಂದರು. "ಪಕ್ಕದ ಮನೆಯವಳು ಇಂಥ ಉಂಡೆ ತಂದುಕೊಟ್ಟಳು. ಆಮೇಲೆ ಅಳಲಿಲ್ಲ."

ಕೈ ತೊಳೆದರು. ಚಿಕ್ಕ ತುತ್ತು ಮುರಿದರು. ಬೆರಳು ಕೆಲಸ ಮರೆತಿರಲಿಲ್ಲ. ತುತ್ತು ಉರುಟಾಯಿತು, ಹೆಬ್ಬೆರಳು ಗುಳಿ ಮಾಡಿತು, ಗುಳಿಯಲ್ಲಿ ಸಾರು, ಒಂದೆಳೆ ಸೊಪ್ಪು ತುಂಬಿತು. ಬಾಯಿಗೆ ಹೋಯಿತು. ಗಂಟಲ ಮಣಿ ಮೇಲೇರಿ ಇಳಿಯಿತು. ಇನ್ನೊಂದು ತುತ್ತು. ಮತ್ತೊಂದು. ಅವರ ಕಣ್ಣಿನಲ್ಲಿ ನೀರು ಬಂತು.

"ಖಾರ ಗೊತ್ತಾಗ್ತದೆ," ಎಂದರು ಬೆರಗಿನಿಂದ. "ಕಹಿ ಸಹ. ಗಂಟಲ ಕೊನೆಯಲ್ಲಿ."

ಆಮೇಲೆ ಕೈ ನಿಂತಿತು.

"ಯಾಕೆ ಪಪ್ಪಾ? ಸಾಕಾ?" ಡೀನಾಳಿಗೆ ಮತ್ತೆ ಆಸ್ಪತ್ರೆಯ ಬಾಗಿಲು ಕಣ್ಣ ಮುಂದೆ ಬಂತು.

"ವಾಸನೆ ಇಲ್ಲ. ಓಗಿರಿ ಉಂಟಾ ಇಲ್ಲವಾ ಗೊತ್ತಾಗುವುದಿಲ್ಲ. ಬರೀ ಖಾರ, ಕಹಿ ಎಷ್ಟು ಅಂತ ನುಂಗುವುದು?" ಅವರು ತಟ್ಟೆಯನ್ನು ಅವಳ ಕಡೆಗೆ ತಳ್ಳಿದರು. "ನೀನು ತಿಂದು ಹೇಳು."

ಅವಳು ಆ ದೇಶದ ಒಂದು ತುತ್ತೂ ತಿಂದವಳಲ್ಲ. ರಜೆಗೆ ಬರುವಾಗ ಅವರು ತರುತ್ತಿದ್ದ ಕಡಲೆ, ಒಣ ಮಾಂಸ ಯಾವುದನ್ನೂ ಮುಟ್ಟುತ್ತಿರಲಿಲ್ಲ, ಹಟಕ್ಕೆ. ಈಗ ತುತ್ತು ಮುರಿದಳು. ಗುಳಿ ಸರಿಯಾಗಿ ಬರಲಿಲ್ಲ. ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ರೂಢಿಯಂತೆ ದವಡೆ ಆಡಿಸಿದಳು.

"ಅಗಿಯಬೇಡ ಮಾರಾಯ್ತಿ. ನುಂಗು."

ನುಂಗಿದಳು.

ಲಿಫ್ಟಿನಲ್ಲಿ ಮೂಗಿಗೆ ಹೊಡೆದಿದ್ದ ವಾಸನೆ ಬಾಯೊಳಗೆ ಬೇರೆಯೇ ಆಗಿತ್ತು. ಮೊದಲು ಎಣ್ಣೆ, ಮೀನು, ಮೆಣಸು. ಅವುಗಳ ಅಡಿಯಲ್ಲಿ ಏನೋ ಆಳವಾದದ್ದು, ಬಿಡದೆ ಹಿಡಿದುಕೊಳ್ಳುವಂಥದ್ದು. ಎಲ್ಲ ಇಳಿದ ಮೇಲೆ ನಿಧಾನವಾಗಿ ಕಹಿ, ಅದರ ಹಿಂದೆ ಕಂಡೂ ಕಾಣದಷ್ಟು ಸಿಹಿ. ಅದು ರುಚಿಯಾಗಿತ್ತು. ಸುಮ್ಮನೆ ಬಾಯಿಮಾತಿಗಲ್ಲ, ನಿಜವಾಗಿ ರುಚಿಯಾಗಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಆ ದೇಶ ಕೆಟ್ಟದ್ದೆಂದು, ಅವರು ಅಲ್ಲಿ ಹೇಗೋ ದಿನ ತಳ್ಳಿದರೆಂದು ಅಂದುಕೊಂಡರೆ ಅವಳ ಹೊಟ್ಟೆಯುರಿ ಸ್ವಲ್ಪ ತಣ್ಣಗಾಗುತ್ತಿತ್ತು. ಈಗ ಹಾಗೆ ಅಂದುಕೊಳ್ಳುವಂತಿರಲಿಲ್ಲ.

"ಹೇಗುಂಟು?" ಮಾಸ್ತರರು ಅವಳ ಬಾಯನ್ನೇ ನೋಡುತ್ತಿದ್ದರು.

ಚೆನ್ನಾಗಿಲ್ಲ ಎಂದುಬಿಡಬಹುದಿತ್ತು. ಎಂದರೆ ಅವರು ಅಲ್ಲಿಗೇ ಕೈ ತೊಳೆಯುತ್ತಿದ್ದರು.

"ಚೆನ್ನಾಗಿದೆ ಪಪ್ಪಾ. ತುಂಬಾ ಚೆನ್ನಾಗಿದೆ," ಎಂದು ಹೇಳುತ್ತಾ ಅಳತೊಡಗಿದಳು. "ಇಷ್ಟು ಚೆನ್ನಾಗಿರೋದನ್ನ ನೀವಿಬ್ರೂ ನಾನಿಲ್ಲದೆ ತಿಂದ್ರಿ."

ಓದು, ಬೋರ್ಡಿಂಗು, ಅಲ್ಲಿಯ ಶಾಲೆ, ಮಲೇರಿಯ, ಹೀಗೆ ಅವರ ಹತ್ತಿರ ಸಮಜಾಯಿಷಿಗಳು ಯಾವಾಗಲೂ ತಯಾರಿರುತ್ತಿದ್ದವು. ಅವಳು ಅದಕ್ಕೇ ಕಾದಳು.

"ಹೌದು," ಎಂದರು ಮಾಸ್ತರರು. "ನೀನಿಲ್ಲದೆ ತಿಂದೆವು."

ಅವಳು ಅಳು ಮುಗಿಸುವವರೆಗೆ ಎಂಜಲ ಕೈ ಹಾಗೇ ಹಿಡಿದುಕೊಂಡು ಕೂತಿದ್ದರು. ಆಮೇಲೆ ಇನ್ನೊಂದು ತುತ್ತು ಮುರಿದು, ನುಂಗಿ, "ಓಗಿರಿ?" ಎಂದು ಕೇಳಿದರು.

"ಇದೆ," ಎಂದಳು ಡೀನಾ, ಮೂಗೊರೆಸಿಕೊಂಡು. "ಮೀನಿನ ವಾಸನೆ ಮೊದಲು ಬರುತ್ತೆ. ಆಮೇಲೆ ಅದು."

"ಮತ್ತೆ?"

ಅವಳು ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡಳು. ಲ್ಯಾಪ್‌ಟಾಪಿನಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಕರೆಯಲಿ ಎಂದು ಬಿಟ್ಟಳು. ಅವರು ಒಂದು ತುತ್ತು ನುಂಗುವರು, ಅವಳು ಒಂದು ತುತ್ತು ನುಂಗಿ ಅದು ಹೇಗಿದೆಯೆಂದು ಹೇಳುವಳು. ಹಾಗೆ ಹೇಳಿಸಿಕೊಂಡು ಹೇಳಿಸಿಕೊಂಡು ಜೇಮ್ಸ್ ಮಾಸ್ತರರು ಆ ಮಧ್ಯಾಹ್ನ ಅರ್ಧ ಮುದ್ದೆ ಉಂಡರು.